ರೋಟಾವೇಟರ್ ಶಾಫ್ಟೂ ಬೇಡ, ಲಾರಿ ಶಾಫ್ಟೂ ಬೇಡ: ಎತ್ತರಿಸಿದ ಜೀಪಿಗೆ ಕಡಿಮೆ ಖರ್ಚಿನ ಪ್ರೊಪೆಲ್ಲರ್ ಶಾಫ್ಟ್

ಪ್ರಶ್ನೆ: ಸರ್, ನಮಸ್ಕಾರ. ನಾನು ಗಂಗಾವತಿ ಹತ್ತಿರದವನು. ಗೆಳೆಯರೆಲ್ಲ ಸೇರಿ ಒಂದು ಹಳೇ ಮಹೀಂದ್ರಾ ಎಂಎಂ 540 ಜೀಪನ್ನು ಆಫ್‌ರೋಡಿಗೆ ಅಂತ ಕಟ್ಟುತ್ತಿದ್ದೇವೆ. ಬೊಲೆರೊದ 2523 ಸಿಸಿ ಡಿಐ ಟರ್ಬೊ ಎಂಜಿನ್ ಕೂರಿಸಿದ್ದೇವೆ. ಲೀಫ್ ಸ್ಪ್ರಿಂಗ್ ಬದಲಿಸಿ 3 ಇಂಚು ಎತ್ತರ ಮಾಡಿದ್ದೇವೆ. ಟೈರ್ 30 ಇಂಚು, ಡಿಫರೆನ್ಷಿಯಲ್ ಹಲ್ಲು 39ಕ್ಕೆ 8. ಈಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ತಿರುಗುವ ಕೊಳವೆ) ಗಿಡ್ಡ ಆಯ್ತು ಅನ್ನಿಸುತ್ತಿದೆ. 50 ಕಿ.ಮೀ. ವೇಗ ದಾಟಿದರೆ ಗಾಡಿ ನಡುಗುತ್ತದೆ. ಹೊಸ ಶಾಫ್ಟ್ ಮಾಡಿಸಲು ಬೆಂಗಳೂರಿನಲ್ಲಿ ಹೇಳಿದ ರೇಟು ನಮ್ಮ ಕೈಗೆ ಎಟಕುವುದಿಲ್ಲ. ಇಲ್ಲಿ ಒಬ್ಬ ಮೆಕ್ಯಾನಿಕ್ ರೋಟಾವೇಟರ್ ಶಾಫ್ಟ್ ಹಾಕಿ ಅಂತಾರೆ, ಇನ್ನೊಬ್ಬರು ಲಾರಿ ಶಾಫ್ಟ್ ಕತ್ತರಿಸಿ ಹಾಕಿದರೆ ಜನ್ಮದಲ್ಲಿ ಮುರಿಯಲ್ಲ ಅಂತಾರೆ. ಅಳತೆ ಹೀಗಿದೆ: ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ 760 ಮಿ.ಮೀ., ಎರಡರ ನಡುವಿನ ಎತ್ತರದ ವ್ಯತ್ಯಾಸ 185 ಮಿ.ಮೀ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಬಾಲ 4 ಡಿಗ್ರಿ ಕೆಳಗೆ ವಾಲಿದೆ, ಆಕ್ಸಲ್ ಕಡೆ ಶಾಫ್ಟ್ ಸೇರುವ ಪಿನಿಯನ್ ಗೇರಿನ ಮೂತಿ 4 ಡಿಗ್ರಿ ಮೇಲೆ ನೋಡುತ್ತಿದೆ. ಯಾವ ಶಾಫ್ಟ್ ಹಾಕಲಿ?

ಉತ್ತರ: ಅಳತೆ ಬರೆದು ಕಳಿಸಿದ್ದು ಒಳ್ಳೆಯದಾಯಿತು. ‘ಯಾವ ಶಾಫ್ಟ್ ಗಟ್ಟಿ’ ಅಂತ ಕೇಳುವವರೇ ಜಾಸ್ತಿ. ಅವರಿಗೆ ಉತ್ತರ ಕೊಡುವುದು ಕಷ್ಟ. ನಿಮ್ಮ ಅಳತೆ ನೋಡಿದರೆ ನಿಮಗೆ ಗಟ್ಟಿ ಶಾಫ್ಟಿನ ಅಗತ್ಯವೇ ಇಲ್ಲ. ಬಹುಶಃ ಹೊಸ ಶಾಫ್ಟಿನ ಅಗತ್ಯವೂ ಇಲ್ಲ. ನಿಮ್ಮ ತೊಂದರೆ ಕೋನದ್ದು. ಅದನ್ನು ಸರಿಮಾಡದೆ ಎಷ್ಟೇ ದುಡ್ಡಿನ ಶಾಫ್ಟ್ ಹಾಕಿದರೂ ಜೀಪು 50ಕ್ಕೇ ನಡುಗುತ್ತದೆ.

ಮೊದಲು ಉದ್ದದ ಅನುಮಾನ ಬಗೆಹರಿಸೋಣ. 3 ಇಂಚು ಎತ್ತರಿಸಿದರೆ ಶಾಫ್ಟ್ 3 ಇಂಚು ಗಿಡ್ಡ ಆಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ನಿಮ್ಮ 760 ಮತ್ತು 185 ಇಟ್ಟುಕೊಂಡು ಲೆಕ್ಕ ಹಾಕಿದರೆ ನೆಲಕ್ಕೆ ಸಮನಾಗಿ ಅಳೆದ ಅಂತರ ಸುಮಾರು 737 ಮಿ.ಮೀ. ಬರುತ್ತದೆ. ಎತ್ತರಿಸುವ ಮೊದಲು ಎತ್ತರದ ವ್ಯತ್ಯಾಸ 110 ಇದ್ದಿರಬೇಕು. ಆಗ ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ 745 ಆಗುತ್ತಿತ್ತು. ಅಂದರೆ 75 ಮಿ.ಮೀ. ಎತ್ತರಿಸಿದ್ದಕ್ಕೆ ದೂರ ಹೆಚ್ಚಿದ್ದು ಬರೀ 15 ಮಿ.ಮೀ.! ಎಂಜಿನ್ ಬದಲಿಸುವಾಗ ಮೌಂಟಿಂಗ್ ಮುಂದೆ ಸರಿಸಿದ್ದರೆ ಮಾತ್ರ ಲೆಕ್ಕ ಬೇರೆ. ಸರಿಸಿಲ್ಲ ಅಂದರೆ ಹಳೇ ಶಾಫ್ಟಿನ ಸ್ಲಿಪ್ (ಒಂದರೊಳಗೊಂದು ಜಾರಿ ಉದ್ದ ಹೊಂದಿಸುವ ಭಾಗ) ಈ 15 ಮಿ.ಮೀ. ಅನ್ನು ಸಲೀಸಾಗಿ ನುಂಗುತ್ತದೆ.

ನೋಡಬೇಕಾದ್ದು ಚಕ್ರ ಪೂರ್ತಿ ಇಳಿಬಿದ್ದಾಗ ಏನಾಗುತ್ತದೆ ಅಂತ. ಬಂಡೆ ಹತ್ತುವಾಗ ಹಿಂದಿನ ಆಕ್ಸಲ್ ಇನ್ನೊಂದು 100 ಮಿ.ಮೀ. ಕೆಳಗೆ ಇಳಿಯಿತು ಅನ್ನಿ. ಆಗ ದೂರ ಸುಮಾರು 790 ಆಗುತ್ತದೆ. ಸ್ಪ್ರಿಂಗಿನ ತುದಿ ಹಿಡಿದ ಶ್ಯಾಕಲ್ ಕೊಂಡಿ ತಿರುಗಿ ಆಕ್ಸಲ್ ಹಿಂದೆ ಸರಿದರೆ ಇನ್ನೂ ಸ್ವಲ್ಪ. ಆ ಹೊತ್ತಿನಲ್ಲೂ ಸ್ಲಿಪ್ಪಿನ ಒಳಗೆ ಸ್ಪ್ಲೈನ್, ಅಂದರೆ ಉದ್ದಕ್ಕೂ ಹಲ್ಲು ಕೊರೆದ ದಂಡ, ತನ್ನ ದಪ್ಪದಷ್ಟಾದರೂ ಉದ್ದ ಕಚ್ಚಿಕೊಂಡಿರಬೇಕು. ಸ್ಪ್ಲೈನ್ ದಪ್ಪ 35 ಮಿ.ಮೀ. ಇದ್ದರೆ 35 ಮಿ.ಮೀ. ಹಿಡಿತ. ಅದಕ್ಕಿಂತ ಕಡಿಮೆ ಆದರೆ ತುದಿಯ ಹಲ್ಲುಗಳ ಮೇಲೇ ಭಾರವೆಲ್ಲ ಬಿದ್ದು ತಿರುಚಿಕೊಳ್ಳುತ್ತವೆ. ಹಾಗೆಯೇ ಸ್ಪ್ರಿಂಗ್ ಪೂರ್ತಿ ಅದುಮಿದಾಗ ಸ್ಲಿಪ್ ತಳ ಮುಟ್ಟಬಾರದು, 20–25 ಮಿ.ಮೀ. ಜಾಗ ಉಳಿಯಬೇಕು. ತಳ ಮುಟ್ಟಿದರೆ ಶಾಫ್ಟು ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಸುತ್ತಿಗೆ ಏಟು ಕೊಟ್ಟಂತೆ ಗುದ್ದುತ್ತದೆ.

ಅಳೆಯುವ ರೀತಿಯಲ್ಲೂ ಎಚ್ಚರ ಬೇಕು. ಜಾಕ್ ಮೇಲೆ ಛಾಸಿ ಎತ್ತಿ, ಆಕ್ಸಲ್ ಜೋತು ಬಿದ್ದಿರುವಾಗ ಅಳತೆ ತೆಗೆದು ಶಾಫ್ಟ್ ಮಾಡಿಸಿದರೆ ಆಮೇಲೆ ಅದು ಉದ್ದ ಆಗುತ್ತದೆ. ಗಾಡಿ ನಾಲ್ಕು ಚಕ್ರದ ಮೇಲೆ, ಸಮ ನೆಲದ ಮೇಲೆ, ಡೀಸೆಲ್ ತುಂಬಿಸಿ, ಸಾಮಾನು ಸಮೇತ ನಿಂತಿರಬೇಕು. ಅದು ಮೂಲ ಅಳತೆ. ಜೋತು ಬಿದ್ದಾಗಿನ ಅಳತೆ, ಅದುಮಿದಾಗಿನ ಅಳತೆ ಎರಡನ್ನೂ ಬೇರೆ ಬರೆದುಕೊಳ್ಳಿ.

ಈಗ ನಡುಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ದುಡ್ಡು ಉಳಿಯುವುದು ಇಲ್ಲೇ.

ಶಾಫ್ಟ್ ಓರೆಯಲ್ಲೂ ತಿರುಗಲಿ ಅಂತ ಅದರ ಎರಡೂ ತುದಿಯಲ್ಲಿ ಕ್ರಾಸ್ ಜಾಯಿಂಟ್ ಇರುತ್ತದೆ. ಅದು ನೇರವಾಗಿದ್ದಾಗ ಈ ಕಡೆ ಎಷ್ಟು ತಿರುಗಿದರೆ ಆ ಕಡೆಯೂ ಅಷ್ಟೇ ತಿರುಗುತ್ತದೆ. ಕೋನದಲ್ಲಿದ್ದಾಗ ಹಾಗಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿಯಲ್ಲಿ ಈ ಏರಿಳಿತ ಸುಮಾರು ಒಂದೂವರೆ ಶೇಕಡಾ. 20 ಡಿಗ್ರಿಯಲ್ಲಿ 6 ಶೇಕಡಾ ದಾಟುತ್ತದೆ. ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು, ಅಲ್ವಾ? ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಇದನ್ನು ವಾಪಸ್ ಸರಿಮಾಡುತ್ತದೆ. ಆದರೆ ಅದಕ್ಕೆ ಎರಡು ಷರತ್ತು. ಎರಡೂ ತುದಿಯ ಕೋನ ಸಮ ಇರಬೇಕು. ಟ್ಯೂಬಿನ ಎರಡೂ ತುದಿಯ ಯೋಕ್ (ಕ್ರಾಸನ್ನು ಹಿಡಿಯುವ ಕವಲು) ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಸ್ಲಿಪ್ ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆ ಆದರೂ ನಡುಕ ಶುರು. ಅದಕ್ಕೇ ಬಿಚ್ಚುವ ಮೊದಲು ಪಂಚ್‌ನಿಂದ ಎರಡೂ ಕಡೆ ಗುರುತು ಹೊಡೆಯಬೇಕು. ನೀವು ಸ್ಪ್ರಿಂಗ್ ಬದಲಿಸುವಾಗ ಶಾಫ್ಟ್ ಬಿಚ್ಚಿದ್ದೀರಿ ತಾನೆ? ಇವತ್ತೇ ಗಾಡಿ ಕೆಳಗೆ ಮಲಗಿ ಆ ಕಿವಿಗಳನ್ನು ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಕಿವಿಗಳು ಸಾಲಾಗಿವೆ, ಎರಡೂ ಕೋನ ಸಮ ಇವೆ ಅಂತ ಇಟ್ಟುಕೊಳ್ಳಿ. ಆಗ ಪಿನಿಯನ್ ಸಮನಾಗಿ ತಿರುಗುತ್ತದೆ. ಆದರೆ ನಡುವಿನ ಟ್ಯೂಬ್ ಮಾತ್ರ ಓಡುತ್ತಾ ನಿಲ್ಲುತ್ತಾ ತಿರುಗುತ್ತಲೇ ಇರುತ್ತದೆ. ವೇಗ ಹೆಚ್ಚಿದಂತೆ ಆ ಜಗ್ಗಾಟವೇ ನಡುಕವಾಗಿ ಸೀಟಿಗೆ ಬರುತ್ತದೆ. ಹಾಗಾಗಿ ಯಾವ ಸುತ್ತಿಗೆ ಎಷ್ಟು ಕೋನ ನಡೆಯುತ್ತದೆ ಅನ್ನುವುದಕ್ಕೆ ಮಿತಿ ಇದೆ. ಕ್ರಾಸ್ ತಯಾರಿಸುವ ಸ್ಪೈಸರ್ ಕಂಪನಿಯ ಕೋಷ್ಟಕದಲ್ಲಿ ನಿಮಿಷಕ್ಕೆ 5,000 ಸುತ್ತಿಗೆ ಸುಮಾರು 3.2 ಡಿಗ್ರಿ, 3,000 ಸುತ್ತಿಗೆ 5.8, 2,000ಕ್ಕೆ 8.7, 1,500ಕ್ಕೆ 11.5 ಡಿಗ್ರಿ ಮಿತಿ. ಕೋಷ್ಟಕ ನೆನಪಿಡುವುದು ಬೇಡ. ಸುತ್ತನ್ನೂ ಡಿಗ್ರಿಯನ್ನೂ ಗುಣಿಸಿ, 17,000 ಮೀರದಂತೆ ನೋಡಿಕೊಂಡರೆ ಸಾಕು.

ನಿಮ್ಮ ಶಾಫ್ಟಿನ ಓರೆ ಈಗ ಸುಮಾರು 14 ಡಿಗ್ರಿ. ಟ್ರಾನ್ಸ್‌ಫರ್ ಕೇಸೂ ಪಿನಿಯನ್ನೂ ಒಂದನ್ನೊಂದು ನೋಡುವಂತೆ 4 ಡಿಗ್ರಿ ವಾಲಿರುವುದರಿಂದ ಪ್ರತಿ ಕ್ರಾಸಿನ ಕೋನ 10 ಡಿಗ್ರಿ. 17,000ವನ್ನು 10ರಿಂದ ಭಾಗಿಸಿದರೆ 1,700 ಸುತ್ತು. 30 ಇಂಚು ಟೈರು, 4.88 (39ನ್ನು 8ರಿಂದ ಭಾಗಿಸಿದ್ದು) ಡಿಫರೆನ್ಷಿಯಲ್ ಇಟ್ಟುಕೊಂಡರೆ 1,700 ಸುತ್ತು ಅಂದರೆ ಗಂಟೆಗೆ 50 ಕಿ.ಮೀ. ನಿಮ್ಮ ಜೀಪು ನಡುಗಲು ಶುರುವಾಗುವುದೂ ಅಲ್ಲೇ! ಶಾಫ್ಟಿನ ತಪ್ಪಲ್ಲ ಅದು. ಎತ್ತರಿಸುವ ಮೊದಲು ಇದೇ ಕೋನ ನಾಲ್ಕೂವರೆ ಡಿಗ್ರಿ ಇತ್ತು. ಆಗ 100 ಹೋದರೂ ಕೋನದಿಂದ ತೊಂದರೆ ಇರಲಿಲ್ಲ.

ಇದಕ್ಕೆ ನನ್ನ ಸಲಹೆ, ಎತ್ತರವನ್ನು 3 ಇಂಚಿನಿಂದ 2 ಇಂಚಿಗೆ ಇಳಿಸಿ. ಬೇಸರ ಆಗಬಹುದು. ಫೋಟೊದಲ್ಲಿ 3 ಇಂಚು ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ 760 ಮಿ.ಮೀ. ಉದ್ದದ ಗಿಡ್ಡ ಶಾಫ್ಟಿಗೆ 3 ಇಂಚು ಜಾಸ್ತಿ. 2 ಇಂಚಿಗೆ ಇಳಿಸಿದರೆ ಕ್ರಾಸಿನ ಕೋನ 8 ಡಿಗ್ರಿ ಹತ್ತಿರ ಬರುತ್ತದೆ, 60ರವರೆಗೆ ಆರಾಮಾಗಿ ಓಡಿಸಬಹುದು. ಎತ್ತರ ಬಿಡಲು ಮನಸ್ಸೇ ಇಲ್ಲ ಅಂದರೆ ಟ್ರಾನ್ಸ್‌ಫರ್ ಕೇಸ್ ಕೂರುವ ಅಡ್ಡ ಬೀಮಿಗೂ ಛಾಸಿಗೂ ನಡುವೆ 25 ಮಿ.ಮೀ. ಸ್ಪೇಸರ್ ಕೊಟ್ಟು ಅದನ್ನು ಇಳಿಸಬಹುದು. ಫಲ ಹೆಚ್ಚುಕಡಿಮೆ ಅದೇ. ಆದರೆ ಕೆಳಗೆ ನೆಲದ ಅಂತರ ಅಷ್ಟು ಕಡಿಮೆಯಾಗುತ್ತದೆ, ಎಂಜಿನ್ ಹಿಂದಕ್ಕೆ ವಾಲಿ ಫ್ಯಾನು ಮೇಲೆದ್ದು ಸುತ್ತಲಿನ ಕವಚಕ್ಕೆ ತಾಗಬಹುದು, ಗೇರ್ ಲಿವರ್ ಜಾಗ ಬದಲಾಗುತ್ತದೆ. ಅವೆಲ್ಲ ನೋಡಿಕೊಂಡು ಮಾಡಿ. ಟ್ರಾನ್ಸ್‌ಫರ್ ಕೇಸ್ ಎಷ್ಟು ಡಿಗ್ರಿ ವಾಲಿತೋ ಪಿನಿಯನ್ನನ್ನೂ ಅಷ್ಟೇ ಮೇಲೆತ್ತಬೇಕು. ಅದಕ್ಕೆ ಸ್ಪ್ರಿಂಗಿಗೂ ಆಕ್ಸಲ್ ಮೇಲಿನ ಕಟ್ಟೆಗೂ ನಡುವೆ ಓರೆ ಬೆಣೆ ಹಾಕುತ್ತಾರೆ. ಬೆಣೆ ಉಕ್ಕಿನದೇ ಇರಲಿ. ಅಲ್ಯೂಮಿನಿಯಂ ಬೆಣೆ ಬಂಡೆಗಳ ಮೇಲೆ ಪುಡಿಯಾಗಿ ಯು-ಬೋಲ್ಟ್ ಸಡಿಲ ಆಗುತ್ತದೆ.

ಡಬಲ್ ಕ್ರಾಸ್ ಇರುವ ಶಾಫ್ಟ್ ಹಾಕಿದರೆ ಹೇಗೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ರಾನ್ಸ್‌ಫರ್ ಕೇಸ್ ಕಡೆ ಎರಡು ಕ್ರಾಸ್ ಜೊತೆಗೂಡಿ ಕೋನವನ್ನು ಹಂಚಿಕೊಳ್ಳುತ್ತವೆ, ಪಿನಿಯನ್ ನೇರವಾಗಿ ಶಾಫ್ಟನ್ನೇ ನೋಡುತ್ತದೆ. ಒಳ್ಳೆಯ ಉಪಾಯವೇ. ಆದರೆ ದುಬಾರಿ. ನಡುವಿನ ಗುಂಡು ಕೆಸರು ನೀರಿಗೆ ಬೇಗ ಸವೆಯುತ್ತದೆ. ಆ ಬಿಡಿಭಾಗ ಗಂಗಾವತಿಯಲ್ಲಿ ಕೇಳಿದ ದಿನವೇ ಸಿಗುವಂಥದ್ದಲ್ಲ. 30 ಇಂಚು ಟೈರಿನ ಜೀಪಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ಗಟ್ಟಿತನ. ಶಾಫ್ಟಿಗೆ ಎಷ್ಟು ತಿರುಚು ಬಲ ಬರುತ್ತದೆ ಅನ್ನುವುದನ್ನು ಎರಡು ರೀತಿ ಲೆಕ್ಕ ಹಾಕಬೇಕು, ಎರಡರಲ್ಲಿ ಚಿಕ್ಕದನ್ನು ನಂಬಬೇಕು. ಮೊದಲನೆಯದು ಎಂಜಿನ್ ಕಡೆಯಿಂದ. ನಿಮ್ಮ ಎಂಜಿನ್ನಿನ ಟಾರ್ಕ್ ಸುಮಾರು 180 ನ್ಯೂಟನ್ ಮೀಟರ್. ಫಸ್ಟ್ ಗೇರ್ ಅನುಪಾತ 4 ಅಂತ ಹಿಡಿಯೋಣ. ಹಳೇ ಜೀಪಿನ ಡಾನಾ 18 ಮಾದರಿಯ ಟ್ರಾನ್ಸ್‌ಫರ್ ಕೇಸ್ ಆಗಿದ್ದರೆ ಲೋ ಗೇರು 2.46. ಮೂರನ್ನೂ ಗುಣಿಸಿದರೆ 1,770 ಬರುತ್ತದೆ. ಇದು ಬಾಯಲ್ಲಿ ಹೇಳುವ ಲೆಕ್ಕ. ನಿಜಕ್ಕೂ ಅಷ್ಟು ಬಲ ಶಾಫ್ಟಿಗೆ ಬರಬೇಕಾದರೆ ಟೈರು ಜಾರದೆ ನಿಲ್ಲಬೇಕು.

ಎರಡನೆಯದು ಟೈರಿನ ಕಡೆಯಿಂದ. ಏರು ಹತ್ತುವಾಗ ಹಿಂದಿನ ಆಕ್ಸಲ್ ಮೇಲೆ 1,100 ಕೆ.ಜಿ. ಬಿತ್ತು ಅನ್ನಿ. ನಿಮ್ಮ ಕೊಪ್ಪಳ ಸೀಮೆಯ ಒಣ ಗ್ರಾನೈಟ್ ಬಂಡೆ ಟೈರನ್ನು ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಹಿಡಿತವನ್ನು ಪೂರ್ತಿ 1 ಅಂತಲೇ ತೆಗೆದುಕೊಳ್ಳೋಣ. ಟೈರಿನ ತ್ರಿಜ್ಯ 0.37 ಮೀಟರ್. ಇದನ್ನೆಲ್ಲ ಗುಣಿಸಿ 4.88ರಿಂದ ಭಾಗಿಸಿದರೆ ಶಾಫ್ಟಿಗೆ ಬರುವುದು ಸುಮಾರು 820 ನ್ಯೂಟನ್ ಮೀಟರ್. ಅದಕ್ಕಿಂತ ಹೆಚ್ಚು ಕೊಟ್ಟರೆ ಟೈರು ಜಾರುತ್ತದೆ. ಎರೆ ಮಣ್ಣಿನ ಕೆಸರಿನಲ್ಲಿ ಇದರ ಅರ್ಧವೂ ಬರುವುದಿಲ್ಲ. ಸಿಂಧನೂರು, ಕಾರಟಗಿ ಕಡೆಯ ಗದ್ದೆ ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯ ಚಕ್ರ ಸುಮ್ನೆ ತಿರುಗುತ್ತದೆ, ಶಾಫ್ಟಿಗೆ ಏನೂ ಆಗುವುದಿಲ್ಲ. ಶಾಫ್ಟ್ ಮುರಿಯುವುದು ಬಂಡೆ ಮೇಲೆ. ತಿರುಗುತ್ತಿದ್ದ ಟೈರು ಇದ್ದಕ್ಕಿದ್ದಂತೆ ಕಲ್ಲು ಕಚ್ಚಿದಾಗ, ಇಲ್ಲವೇ ಡ್ರೈವರ್ ಕ್ಲಚ್ಚನ್ನು ದಡಕ್ಕನೆ ಬಿಟ್ಟಾಗ. ಅಂಥ ಹೊಡೆತಕ್ಕೆ ಎರಡು ಪಟ್ಟು ಹಿಡಿದರೆ 1,640.

ಈಗ ಕ್ರಾಸ್ ನೋಡಿ. ವರ್ನಿಯರ್ ಹಿಡಿದು ನಿಮ್ಮ ಕ್ರಾಸಿನ ಕಪ್ಪಿನ ಹೊರವ್ಯಾಸ ಅಳೆಯಿರಿ, ಆಮೇಲೆ ಒಂದು ಕಪ್ಪಿನ ತಲೆಯಿಂದ ಎದುರಿನ ಕಪ್ಪಿನ ತಲೆಗೆ ಅಳೆಯಿರಿ. ಕಪ್ 27 ಮಿ.ಮೀ., ಉದ್ದ 82 ಮಿ.ಮೀ. ಬಂದರೆ ಅದು 1310 ಸರಣಿಯ ಅಳತೆ. ಇದು ಸ್ವಲ್ಪ ಹೊತ್ತಿಗೆ ಸುಮಾರು 1,085 ನ್ಯೂಟನ್ ಮೀಟರ್ ತಾಳುತ್ತದೆ, 2,170 ದಾಟಿದರೆ ಶಾಶ್ವತವಾಗಿ ಬಾಗುತ್ತದೆ. ನಿಮ್ಮ 820 ಮೊದಲ ಮಿತಿಯ ಒಳಗಿದೆ, 1,640 ಎರಡನೇ ಮಿತಿಯ ಒಳಗಿದೆ. ಚಕ್ರ ಬಂಡೆ ಸಂದಿಯಲ್ಲಿ ಸಿಕ್ಕಿ ಅಲ್ಲಾಡದೆ ನಿಂತು ಎಂಜಿನ್ನಿನ 1,770 ಪೂರ್ತಿ ಬಂದರೂ ತಾಳಿಕೊಳ್ಳುತ್ತದೆ. 33 ಇಂಚು ಟೈರು, ಲಾಕರ್ (ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್), ಹೆಚ್ಚು ಟಾರ್ಕಿನ ಸಿಆರ್‌ಡಿಇ ಎಂಜಿನ್ ಅಂತ ಮುಂದೆ ಯೋಚನೆ ಇದ್ದರೆ 1350 ಸರಣಿಗೆ ಹೋಗಬಹುದು. ಅದರ ಕಪ್ 30 ಮಿ.ಮೀ., ಉದ್ದ 92 ಮಿ.ಮೀ., ತಾಳುವ ಬಲ ಒಂದೂವರೆ ಪಟ್ಟು. ಈಗ ಬೇಡ.

ಯಾಕೆ ಬೇಡ ಅಂದರೆ, ಎಲ್ಲೋ ಒಂದು ಕಡೆ ಮುರಿಯುವುದಂತೂ ಇದ್ದೇ ಇದೆ. ಕ್ರಾಸ್ ಮುರಿದರೆ ಖರ್ಚು ಕೆಲವು ನೂರು ರೂಪಾಯಿ, ಒಂದು ಗಂಟೆ ಕೆಲಸ, ಬಂಡೆ ಮೇಲೆ ನಿಂತೇ ಬದಲಿಸಬಹುದು. ಕ್ರೌನ್ ಪಿನಿಯನ್ ಮುರಿದರೆ? ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಶಾಫ್ಟ್ ತಿರುಚಿದರೆ? ಗಾಡಿ ಎಳೆದುಕೊಂಡು ಬರಬೇಕು, ಆಮೇಲೆ ಹಳೇ ಜೀಪಿನ ಸಾಮಾನು ಹುಡುಕುತ್ತಾ ಊರೂರು ಅಲೆಯಬೇಕು. ಲಾರಿ ಶಾಫ್ಟ್ ಸಲಹೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ‘ಜನ್ಮದಲ್ಲಿ ಮುರಿಯಲ್ಲ’ ಅನ್ನುವುದು ನಿಜ ಇರಬಹುದು, ಅದರ ಬದಲು ಪಿನಿಯನ್ ಮುರಿಯುತ್ತದೆ. ಜೊತೆಗೆ ಲಾರಿ ಶಾಫ್ಟಿನ ಭಾರವನ್ನು ಜೀಪಿನ ಸಣ್ಣ ಬೇರಿಂಗ್ ಹೊರಬೇಕು. ಫ್ಲ್ಯಾಂಜಿನ ತೂತು ಹೊಂದುವುದಿಲ್ಲ, ಅಡಾಪ್ಟರ್ ಮಾಡಿಸಬೇಕು. ಅದರ ಖರ್ಚು ಸೇರಿಸಿದರೆ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ.

ರೋಟಾವೇಟರ್ ಶಾಫ್ಟ್ ಹೇಳಿದ ಮೆಕ್ಯಾನಿಕ್ ಮಾತಿನಲ್ಲಿ ಒಂದಂಶ ಸತ್ಯ ಇದೆ. ಭತ್ತದ ಸೀಮೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ, ಅಗ್ಗ, ಸ್ಲಿಪ್ ಬೇಕಾದಷ್ಟು ಉದ್ದ ಇರುತ್ತದೆ. ಆದರೆ ಅದು ಟ್ರ್ಯಾಕ್ಟರ್ ಪಿಟಿಒದ (ಉಪಕರಣ ತಿರುಗಿಸುವ ಹಿಂಬದಿಯ ದಂಡ) ನಿಮಿಷಕ್ಕೆ 540 ಸುತ್ತಿಗೆ ಅಂತ ಮಾಡಿದ್ದು. ನಿಮ್ಮ ಜೀಪಿನಲ್ಲಿ 540 ಸುತ್ತು ಅಂದರೆ ಗಂಟೆಗೆ 16 ಕಿ.ಮೀ. 80ರಲ್ಲಿ ಹೋಗುವಾಗ ಶಾಫ್ಟ್ 2,700 ಸುತ್ತು ತಿರುಗುತ್ತಿರುತ್ತದೆ. ಒಂದರೊಳಗೊಂದು ಸಡಿಲವಾಗಿ ಕೂರುವ, ಬ್ಯಾಲೆನ್ಸ್ ಮಾಡದ ಆ ಕೊಳವೆಗಳು ಅಷ್ಟು ವೇಗದಲ್ಲಿ ಚಾಟಿಯಂತೆ ಬೀಸುತ್ತವೆ. ಹಿಂದಿನ ಶಾಫ್ಟಿಗೆ ಖಂಡಿತ ಬೇಡ. ಬಂಡೆ ಹತ್ತುವುದಕ್ಕೇ ಮೀಸಲಾದ ಗಾಡಿಗಳಲ್ಲಿ ಮುಂದಿನ ಶಾಫ್ಟಿಗೆ ಇಂಥದೇ ಚೌಕ ಕೊಳವೆ ಬಳಸುವವರು ಇದ್ದಾರೆ. ಮುಂದಿನ ಹಬ್ ಬಿಡಿಸಿ, ಅಂದರೆ ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ಇರುವ ಕೊಂಡಿ ತಪ್ಪಿಸಿ, ಟೂ ವೀಲಿನಲ್ಲಿ ರಸ್ತೆಗೆ ಇಳಿದರೆ ಆ ಶಾಫ್ಟ್ ತಿರುಗುವುದೇ ಇಲ್ಲ, ಅದಕ್ಕೆ ನಡೆಯುತ್ತದೆ. ಹಬ್ ಲಾಕ್ ಬಿಡಿಸುವ ಸೌಲಭ್ಯ ನಿಮ್ಮ ಗಾಡಿಯಲ್ಲಿ ಇಲ್ಲದಿದ್ದರೆ ಅದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಎತ್ತರ ಇಳಿಸಿ, ಕೋನ ಸರಿಮಾಡಿ, ನಿಮ್ಮ ಹಳೇ ಶಾಫ್ಟಿಗೇ ಎರಡು ಹೊಸ ಕ್ರಾಸ್ ಹಾಕಿ ಓಡಿಸಿ ನೋಡಿ. ಸ್ಪ್ಲೈನ್ ಸವೆದಿದ್ದರೆ ಮಾತ್ರ ಬೇರೆ ಶಾಫ್ಟ್ ಹುಡುಕಿ. ಸ್ಲಿಪ್ ಹಿಡಿದು ತಿರುಚಿ ನೋಡಿ, ಕೈಗೆ ಸಡಿಲ ಗೊತ್ತಾದರೆ ಅದರ ಕಾಲ ಮುಗಿದಿದೆ.

ಬೇರೆ ಹುಡುಕುವುದಾದರೆ ಗುಜರಿಯಲ್ಲಿ ಬೊಲೆರೊ, ಕ್ಯಾಂಪರ್, ಪಿಕಪ್ ಇವುಗಳ ಶಾಫ್ಟ್ ನೋಡಿ. ನಮ್ಮ ಸೀಮೆಯಲ್ಲಿ ಇವು ಓಡದ ಹಳ್ಳಿ ಇಲ್ಲ, ಹಾಗಾಗಿ ಕ್ರಾಸ್ ಭಾನುವಾರ ಬೇಕೆಂದರೂ ಎಲ್ಲೋ ಸಿಗುತ್ತದೆ. ಆಫ್‌ರೋಡ್ ಗಾಡಿಗೆ ಅಗ್ಗದ ಶಾಫ್ಟ್ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಕೊಳ್ಳುವ ದಿನ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ಕ್ರಾಸ್ ಹೋದ ದಿನ ಎಷ್ಟು ದೂರ ಓಡಬೇಕು ಅನ್ನುವುದು ಮುಖ್ಯ. ಅವುಗಳ ಶಾಫ್ಟ್ ನಿಮಗೆ ಬೇಕಾದ್ದಕ್ಕಿಂತ ಉದ್ದ ಇರುತ್ತದೆ. ಉದ್ದದ್ದನ್ನು ಕತ್ತರಿಸಬಹುದು, ಗಿಡ್ಡದ್ದನ್ನು ನಡುವೆ ತುಂಡು ಸೇರಿಸಿ ಬೆಸೆಯಬಾರದು. ಉದ್ದ ಬೇಕೆಂದರೆ ಪೂರ್ತಿ ಹೊಸ ಟ್ಯೂಬೇ ಹಾಕಬೇಕು.

ಗುಜರಿ ಶಾಫ್ಟಿನಲ್ಲಿ ಟ್ಯೂಬು ಜಜ್ಜಿದ್ದರೂ ಪರವಾಗಿಲ್ಲ, ಹೇಗೂ ಬದಲಿಸಬಹುದು. ಯೋಕ್ ಕಿವಿ ಮತ್ತು ಸ್ಪ್ಲೈನ್ ಚೆನ್ನಾಗಿರಬೇಕು, ದುಡ್ಡು ಕೊಡುವುದೇ ಅವಕ್ಕೆ. ಒಂದು ಹೊಸ ಕ್ರಾಸ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಅದರ ಕಪ್ಪನ್ನು ಯೋಕ್ ಕಿವಿಗೆ ಇಟ್ಟು ನೋಡಿ. ಬೆರಳಿಂದ ತಳ್ಳಿದರೆ ಒಳಗೆ ಜಾರಿತೋ, ಆ ಯೋಕ್ ಬೇಡ. ವೈಸಿನಲ್ಲಿ ಒತ್ತಿದರೆ ಮಾತ್ರ ಕೂರಬೇಕು. ಸಡಿಲ ಕಿವಿಗೆ ವೆಲ್ಡ್ ತುಂಬಿ ಲೇತಿನಲ್ಲಿ ಕೊರೆದು ಕೊಡುತ್ತೇವೆ ಅನ್ನುವವರಿದ್ದಾರೆ. ಎರಡೂ ಕಿವಿ ಒಂದೇ ರೇಖೆಗೆ ಬರುವುದು ಅಪರೂಪ, ಕ್ರಾಸ್ ಓರೆ ಕೂತು ತಿಂಗಳೊಪ್ಪತ್ತಿನಲ್ಲಿ ಸೂಜಿ ಬೇರಿಂಗ್ ಪುಡಿ.

ಟ್ಯೂಬಿಗೆ ಸೀಮ್‌ಲೆಸ್ ಪೈಪ್ ಕೇಳಿ. ನೀರಿನ ಪೈಪ್, ಪಂಪ್‌ಸೆಟ್ ಪೈಪ್ ಬೇಡ. 2 ಇಂಚು ವ್ಯಾಸ, 3 ಮಿ.ಮೀ. ದಪ್ಪದ ಪೈಪಿನಲ್ಲಿ ನಿಮ್ಮ 1,770ಕ್ಕೆ ಉಕ್ಕಿನ ಮೇಲೆ ಬೀಳುವ ಒತ್ತಡ ಸುಮಾರು 174 ಮೆಗಾಪ್ಯಾಸ್ಕಲ್. ಎರಡೂವರೆ ಇಂಚಿನದಕ್ಕೆ ಅದೇ ದಪ್ಪದಲ್ಲಿ 107. ಅರ್ಧ ಇಂಚಿಗೆ ಎಷ್ಟು ಇಳಿಯಿತು ನೋಡಿ. ಸೈಲೆನ್ಸರ್ ಪೈಪಿಗೆ ತಾಗದಿದ್ದರೆ ಎರಡೂವರೆ ಇಂಚೇ ಹಾಕಿ. ಬಂಡೆ ಮೇಲೆ ಶಾಫ್ಟ್ ಉಜ್ಜುವುದು ಇದ್ದೇ ಇದೆ, ಹಾಗಾಗಿ 3 ಮಿ.ಮೀ.ಗಿಂತ ತೆಳು ಬೇಡ. ನಿಮ್ಮಲ್ಲಿ ಯಾರಾದರೂ ಮುಂದೆ ಉದ್ದ ಛಾಸಿಯ ಪಿಕಪ್ ಕಟ್ಟುವವರಿದ್ದರೆ ಅವರಿಗೊಂದು ಮಾತು. ಒಂದೂವರೆ ಮೀಟರ್ ಉದ್ದದ 2 ಇಂಚು ಟ್ಯೂಬು 3,600 ಸುತ್ತಿನ ಹತ್ತಿರ ತಾನಾಗಿ ಬಾಗಿ ಬೀಸಲು ಶುರುಮಾಡುತ್ತದೆ. ಅದರ ಮುಕ್ಕಾಲು ಭಾಗ ದಾಟಬಾರದು. ದಪ್ಪ ಹೆಚ್ಚಿಸಿದರೆ ಈ ಮಿತಿ ಏರುವುದಿಲ್ಲ, ವ್ಯಾಸ ಹೆಚ್ಚಿಸಬೇಕು ಇಲ್ಲವೇ ನಡುವೆ ಸೆಂಟರ್ ಬೇರಿಂಗ್ ಕೊಡಬೇಕು. ನಿಮ್ಮ ಗಿಡ್ಡ ಶಾಫ್ಟಿಗೆ ಈ ಚಿಂತೆ ಇಲ್ಲ.

ಅದಿರು ಲಾರಿಗಳ ದೆಸೆಯಿಂದ ಬಳ್ಳಾರಿ, ಹೊಸಪೇಟೆ ಕಡೆ ಪ್ರೊಪೆಲ್ಲರ್ ಕೆಲಸ ಗೊತ್ತಿರುವ ಲೇತ್ ಅಂಗಡಿಗಳಿಗೆ ಕೊರತೆ ಇಲ್ಲ. ಹೋಗಿ ಮೊದಲು ಕೇಳಬೇಕಾದ್ದು, ಬ್ಯಾಲೆನ್ಸಿಂಗ್ ಮಶೀನ್ ಇದೆಯಾ ಅಂತ. ಹಳೇ ವೆಲ್ಡನ್ನು ಲೇತಿನಲ್ಲೇ ಕತ್ತರಿಸಬೇಕು, ಗ್ಯಾಸ್ ಕಟ್ಟರ್ ಬೇಡ. ಯೋಕ್ ಟ್ಯೂಬಿನೊಳಗೆ ಬಿಗಿಯಾಗಿ ಒತ್ತಿ ಕೂರಬೇಕು. ನಾಲ್ಕು ಕಡೆ ಚುಕ್ಕಿ ವೆಲ್ಡ್ ಮಾಡಿ, ಡಯಲ್ ಗೇಜ್ ಇಟ್ಟು ತಿರುಗಿಸಿ, ಓಲಾಟ 0.25 ಮಿ.ಮೀ. ಒಳಗೆ ಬಂದ ಮೇಲೆ ಪೂರ್ತಿ ವೆಲ್ಡ್. ಚುಕ್ಕಿ ವೆಲ್ಡ್ ಹಂತದಲ್ಲೇ ನೀವೂ ಕಿವಿಗಳ ಸಾಲನ್ನು ಕಣ್ಣಾರೆ ನೋಡಿ. ಪೂರ್ತಿ ಬೆಸೆದ ಮೇಲೆ ಹೇಳಿ ಪ್ರಯೋಜನ ಇಲ್ಲ. ಬ್ಯಾಲೆನ್ಸಿಂಗಿಗೆ ಕೇಳುವ ದುಡ್ಡು ಕೊಟ್ಟುಬಿಡಿ, ಅಲ್ಲಿ ಉಳಿಸಲು ಹೋಗಬೇಡಿ. ಫ್ಲ್ಯಾಂಜ್ ಬೋಲ್ಟು ತಲೆ ಮೇಲೆ 10.9 ಗುರುತು ಇರುವುದೇ ಆಗಲಿ, ನಟ್ಟು ನೈಲಾಕ್.

ಶಾಫ್ಟ್ ಕೂರಿಸಿದ ಮೇಲೆ ಆಕ್ಸಲ್ ಪೂರ್ತಿ ಇಳಿಬಿಟ್ಟು, ಕೈಯಿಂದ ಶಾಫ್ಟನ್ನು ಒಂದು ಸುತ್ತು ತಿರುಗಿಸಿ. ಯೋಕ್ ಕಿವಿಗೆ ಕಿವಿ ಎಲ್ಲೂ ತಾಗಬಾರದು. ತಾಗಿದರೆ ಆ ಜಾಗವನ್ನು ಸ್ವಲ್ಪ ಉಜ್ಜಿ ತೆಗೆಯಬಹುದು. ತುಂಬ ತಾಗಿದರೆ ಆಕ್ಸಲ್ ಅಷ್ಟು ಇಳಿಯದಂತೆ ಬೆಲ್ಟ್ ಕಟ್ಟಿ. ಮುಂಭಾಗದ ಕ್ರಾಸಿನ ಹತ್ತಿರ ಛಾಸಿಗೆ ಒಂದು ಕಬ್ಬಿಣದ ಪಟ್ಟಿಯ ಕುಣಿಕೆ ಹಾಕಿಸಿ. ಆ ಕ್ರಾಸ್ ಮುರಿದು ಶಾಫ್ಟಿನ ಮುಂದಿನ ತುದಿ ನೆಲಕ್ಕೆ ನೆಟ್ಟರೆ ಗಾಡಿಯನ್ನೇ ಎತ್ತಿ ಹಾಕುತ್ತದೆ.

ಗ್ರೀಸ್ ನಿಪ್ಪಲ್ ಇರುವ ಕ್ರಾಸನ್ನೇ ಕೊಳ್ಳಿ. ನಿಪ್ಪಲ್ ಇಲ್ಲದ ಮುಚ್ಚಿದ ಕ್ರಾಸು ಒಂದಿಷ್ಟು ಗಟ್ಟಿ, ಒಳಗೆ ತೂತು ಇರುವುದಿಲ್ಲವಲ್ಲ. ಆದರೂ ನಮ್ಮ ನೆಲಕ್ಕೆ ಗ್ರೀಸ್ ಹೊಡೆಯುವಂಥದ್ದೇ ಸರಿ. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಸೀಲ್ ದಾಟಿ ಒಳಗೆ ಹೋದರೆ ಸೂಜಿಗಳನ್ನು ಸವೆಸಿಬಿಡುತ್ತದೆ. ಕಾಲುವೆ, ಹಳ್ಳ ದಾಟಿದ ದಿನವೇ ಸಂಜೆ ಗ್ರೀಸ್ ಹೊಡೆಯಿರಿ. ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಬರುವವರೆಗೆ ಒತ್ತಿ. ಸ್ಲಿಪ್ಪಿನ ನಿಪ್ಪಲ್ ಮರೆಯಬೇಡಿ, ಎಲ್ಲರೂ ಅದನ್ನೇ ಮರೆಯುವುದು. ಎರೆ ಮಣ್ಣಿನಿಂದ ಬಂದ ಮೇಲೆ ರಸ್ತೆಗೆ ಏರುವ ಮೊದಲು ಟ್ಯೂಬಿನ ಮೇಲೆ ಮೆತ್ತಿದ ಮಣ್ಣು ತೊಳೆಯಿರಿ. ಒಂದು ಕಡೆ ಒಣಗಿದ ಉಂಡೆ ಸಾಕು, ಬ್ಯಾಲೆನ್ಸ್ ಹೋಗಿ ‘ಶಾಫ್ಟ್ ಮತ್ತೆ ನಡುಗುತ್ತಿದೆ’ ಅಂತ ಲೇತ್ ಅಂಗಡಿಯವರ ಜೊತೆ ಜಗಳ ಆಡುತ್ತೀರಿ.

ಒಂದು ಅಪಾಯ ಬಿಡಿಸಿ ಹೇಳಬೇಕು. ಹಳೇ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ ಇರುತ್ತದೆ. ನಿಮ್ಮದೂ ಹಾಗೇ ಇದ್ದರೆ, ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣ ಕೈಬ್ರೇಕ್ ಇಲ್ಲ. ಟೂ ವೀಲಿನಲ್ಲಿದ್ದರೆ ಗೇರಿನಲ್ಲಿ ನಿಲ್ಲಿಸಿದ್ದೂ ಇಲ್ಲ. ಇಳಿಜಾರಿನಲ್ಲಿ ಕ್ರಾಸ್ ಮುರಿದರೂ ಅಷ್ಟೇ. ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಚಕ್ರಗಳಿಗೆ ಕಲ್ಲು ಕೊಡಿ. ದಾರಿಯಲ್ಲಿ ಹಿಂದಿನ ಶಾಫ್ಟ್ ಕೈಕೊಟ್ಟರೆ ಅದನ್ನು ಬಿಚ್ಚಿ ಗಾಡಿಯೊಳಗೆ ಹಾಕಿ, ಮುಂದಿನ ಹಬ್ ಲಾಕ್ ಮಾಡಿ, ಫೋರ್ ವೀಲ್ ಹಾಕಿ ಮುಂದಿನ ಚಕ್ರಗಳ ಎಳೆತದಲ್ಲೇ ಮೆಲ್ಲಗೆ ಮನೆಗೆ ಬರಬಹುದು. ಮುಂದೆ ಹಿಂದೆ ಎರಡೂ ಶಾಫ್ಟಿಗೆ ಒಂದೇ ಅಳತೆಯ ಕ್ರಾಸ್ ಇದ್ದರೆ ಒಂದು ಜೊತೆ ಸ್ಪೇರ್ ಇಟ್ಟುಕೊಂಡರೆ ಸಾಕು.

ಎಂಜಿನ್ ಬದಲಿಸಿದ್ದನ್ನು ಆರ್‌ಸಿಯಲ್ಲಿ ನಮೂದು ಮಾಡಿಸಿದ್ದೀರಾ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು, ಆನೆಗೊಂದಿ, ಹಂಪಿ ಸುತ್ತಿನ ಬಂಡೆಗಳ ಮೇಲೆ ಗಾಡಿ ಹತ್ತಿಸುವ ಆಸೆ ಇದ್ದರೆ ಬಿಟ್ಟುಬಿಡಿ, ಅಲ್ಲಿ ಸ್ಮಾರಕಗಳಿವೆ. ಗೊತ್ತಿರುವವರ ಖಾಸಗಿ ಜಮೀನಿನಲ್ಲಿ ಕೇಳಿಕೊಂಡು ಓಡಿಸಿ.

ಮುಂದಿನ ಶಾಫ್ಟಿನ ಅಳತೆಯನ್ನು ನೀವು ಬರೆದಿಲ್ಲ. ಅಲ್ಲಿ ಪಿನಿಯನ್ ತಿರುಗಿಸಲು ಹೋದರೆ ಸ್ಟಿಯರಿಂಗಿನ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂಬದಿ ಓರೆ) ಕೆಡುತ್ತದೆ, ಹಾಗಾಗಿ ಬೆಣೆ ಹಾಕುವ ಮೊದಲು ಕೇಳಿ. ಹಿಂದಿನ ಸ್ಪ್ರಿಂಗಿನಿಂದ ಒಂದು ಇಂಚು ಇಳಿಸಿದ ಮೇಲೆ ಎರಡೂ ಶಾಫ್ಟಿನ ಉದ್ದ, ಎತ್ತರದ ವ್ಯತ್ಯಾಸ, ನಾಲ್ಕೂ ಕೋನ ಅಳೆದು ಬರೆಯಿರಿ. ಕೋನ ಅಳೆಯಲು ಮೊಬೈಲಿನಲ್ಲಿರುವ ಲೆವೆಲ್ ಆ್ಯಪ್ ಸಾಕು, ಫೋನಿನ ಕವರ್ ತೆಗೆದು ಫ್ಲ್ಯಾಂಜಿನ ಮುಖಕ್ಕೆ ಆನಿಸಿ ಇಡಿ.